ಹದಿನೆಂಟು ಅಡಿ ಆಕಾಶ

ಮಕ್ತಲದ ಹಳೆಯ ಮನೆಯೊಂದರ ಪಡಸಾಲೆ. ಮೇ ತಿಂಗಳ ನಸುಕು, ಐದು ಗಂಟೆ. ನಾರಾಯಣಪೇಟೆಯ ನೇಕಾರರ ಮನೆಯ ಮಗಳು ಹಿಂದಿನ ಸಂಜೆ ಬಸ್ಸಿನಲ್ಲಿ ಸೀರೆ ಡಬ್ಬಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದಾಳೆ. ಡಬ್ಬಿಯಲ್ಲಿ ಸೀರೆ ಇಲ್ಲ. ಅವಳ ಕಾಕಾ ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್ ಆಗಿ ದುಡಿದು ನಿವೃತ್ತರಾದವರು.

— ದೀಪ ಹಚ್ಚಲೇನ್ರಿ ಕಾಕಾ?

— ಬ್ಯಾಡ. ಬಾಗಿಲ ಪೂರ್ತಿ ತೆಗಿ. ನೀ ಮಾಡಿದ್ದು ನಸುಕಿನ ಯುದ್ಧ. ನಸುಕಿನ ಬೆಳಕಿನಾಗ ಹೆಂಗ ಕಾಣ್ತದ ಅಂತ ಮೊದಲು ನೋಡೂಣು.

— ಅದಕ್ಕೇ ಏನ್ರಿ ನಿನ್ನೆ ರಾತ್ರಿ ಡಬ್ಬಿ ಮುಟ್ಟಲಿಲ್ಲ ನೀವು?

— ಹೂಂ. ಟ್ಯೂಬ್‌ಲೈಟ್ ಕೆಳಗ ಎಲ್ಲಾ ವಿಮಾನನೂ ಸ್ಟೀಲ್ ಪಾತ್ರಿ ಹಂಗ ಕಾಣ್ತಾವ. ತೆಗಿ ಈಗ, ಹಗೂರ.

— ಇದು ಮಿಸ್ಟೇರ್. ಇದು ಸ್ಟಾರ್‌ಫೈಟರ್. ಇದು ತಳದ ಹಲಗಿ. ಎರಡೂ ವಿಮಾನ ಈ ತಂತಿ ಮ್ಯಾಲ ನಿಲ್ತಾವ. ತಂತಿ ಕಾಣಬಾರದಂತ ಹೊಗಿ ಮಾಡೀನಿ, ಗದ್ವಾಲದ ಅತ್ತಿ ಕೊಟ್ಟ ಹತ್ತಿ. ಕರಿ ಬಣ್ಣ ಹೊಡದು ಹಿಂಜೀನಿ.

— ಹತ್ತಿ ಆಮ್ಯಾಲ. ಮಿಸ್ಟೇರ್ ಕೊಡು ಇಲ್ಲೆ… ಹೊಟ್ಟಿ ಮ್ಯಾಲ ಬೆರಳು ಆಡಿಸಿದ್ರ ಕೂಡಿಸಿದ ಗೆರಿ ಎಲ್ಲೈತೋ ತಿಳೀವಲ್ದು.

— ಅದಕ್ಕೇ ಹದಿನೈದು ದಿನ ಹಿಡೀತು ಕಾಕಾ. ಕಿಟ್‌ನಾಗ ವಿಮಾನದ ಒಡಲು ಎರಡು ಹೋಳಾಗಿ ಬರ್ತದ, ಶೇಂಗಾ ಸಿಪ್ಪಿ ಹಂಗ. ಅಂಟು ಹಚ್ಚಿ ಒತ್ತಿದ್ರ ಪ್ಲಾಸ್ಟಿಕ್ಕೇ ಕರಗಿ ಒಂದು ಸಣ್ಣ ಏಣು ಮ್ಯಾಲ ಏಳ್ತದ. ಅದನ್ನ ಎರಡು ದಿನ ಹಂಗೇ ಒಣಗಲಿಕ್ಕೆ ಬಿಡಬೇಕು. ಆಮ್ಯಾಲ ಅರದಿಂದ ತಿಕ್ಕಿ, ನೀರು ಕಾಗದದಿಂದ ತಿಕ್ಕಿ: ಮೊದಲು 400, ಆಮ್ಯಾಲ 800, ಕಡೀಗೆ 1200. ಹಸಿರು ಬಣ್ಣ ಬಳಿಯೋ ವಿಮಾನ ಆದ್ರ ಚೂರು ಹೆಚ್ಚುಕಮ್ಮಿ ಮುಚ್ಚಿ ಹೋಗ್ತದ. ಲೋಹದ ಬಣ್ಣ ಏನೂ ಮುಚ್ಚಂಗಿಲ್ಲ, ಕೂದಲೆಳಿ ಗೀರೂ ಎದ್ದು ಕಾಣ್ತದ. ಅತ್ತಿ ಗದ್ವಾಲ ಸೀರಿ ಹೆಂಗ ನೋಡ್ತಾಳ ನೋಡೀರಲ್ಲ? ಹತ್ತಿ ಒಡಲು, ರೇಷ್ಮಿ ಅಂಚು. ಬಣ್ಣ, ಜರಿ ಏನೂ ನೋಡಂಗಿಲ್ಲ ಆಕಿ. ಎರಡು ಕೂಡಿದ ಜಾಗದಾಗ ಉಗುರು ಎಳದು ನೋಡ್ತಾಳ. ನಾನೂ ಉಗುರಿನಿಂದಲೇ ನೋಡಿದೆ.

— ನಮ್ಮ ಹ್ಯಾಂಗರ್‌ನಾಗೂ ಹಂಗೇ ಇತ್ತವ್ವ. ಕಣ್ಣಿಗೆ ಕಾಣದ ಬಿರುಕು ಉಗುರಿಗೆ ಸಿಕ್ಕಿದ್ದು ಎಷ್ಟೋ ಸಲ. ಬಣ್ಣ ಎಲ್ಲಿ ಹೊಡದಿ? ಈ ಬಿಸಿಲಾಗ ಇಷ್ಟು ನುಣ್ಣಗ ಕೂತದಲ್ಲ!

— ಅದೇ ದೊಡ್ಡ ಫಜೀತಿ ಆಗಿತ್ತು. ಮೊದಲು ಮಾಳಗಿ ಮ್ಯಾಲಿನ ಖೋಲಿಯಾಗ ಹೊಡದೆ. ಏರ್‌ಬ್ರಷ್‌ನಿಂದ ಹೊಂಟ ಬಣ್ಣ ವಿಮಾನ ಮುಟ್ಟೋದ್ರೊಳಗ ಗಾಳಿಯಾಗೇ ಒಣಗಿ ಸಣ್ಣ ರವಾ ಬಿದ್ದಂಗ ಬಿತ್ತು. ಕೈಲಿ ಮುಟ್ಟಿದ್ರ ಜುರುಜುರು. ಎಲ್ಲಾ ತೊಳದು ತೆಗದು, ಕೆಳಗ ಅಪ್ಪನ ಕುಣಿ ಮಗ್ಗದ ಖೋಲಿಗೆ ಬಂದೆ. ಆ ಖೋಲಿ ನೆಲ ತಂಪು, ಗಾಳಿಯಾಗ ಸ್ವಲ್ಪ ಪಸಿ ಇರ್ತದ. ನೂಲು ಹರೀಬಾರದಂತ ನಮ್ಮ ಹಿರ್ಯಾರು ಮಗ್ಗಕ್ಕ ಅಂಥಾ ಜಾಗ ನೋಡಿ ಇಟ್ಟಿದ್ದು, ನನ್ನ ಬಣ್ಣಕ್ಕೂ ಬಂತು. ಆದ್ರ ಅಪ್ಪ ಮಗ್ಗಕ್ಕ ಕೂತ ಮ್ಯಾಲ ನೂಲಿನ ಧೂಳು ಏಳ್ತದ. ಒಂದು ಎಳಿ ಬಂದು ಹಸಿ ಬಣ್ಣದ ಮ್ಯಾಲ ಕೂತ್ರ ಮುಗೀತು. ಅದಕ್ಕ ಐದಕ್ಕ ಎದ್ದು, ನೆಲಕ್ಕ ನೀರು ಚಿಮುಕಿಸಿ, ಅಪ್ಪ ಬರೋದ್ರೊಳಗ ಮುಗಸ್ತಿದ್ದೆ. ಮೊದಲು ಹೊಳಿಯೋ ಕರಿ ಬಣ್ಣ, ಅದರ ಮ್ಯಾಲ ತೆಳ್ಳಗ ಅಲ್ಯೂಮಿನಿಯಂ ಬಣ್ಣ. ಕೆಳಗ ಕರಿ ಇಲ್ಲಂದ್ರ ಲೋಹಕ್ಕ ಆಳ ಬರಂಗಿಲ್ಲ.

— ಒಂದೊಂದು ತಗಡು ಒಂದೊಂದು ಥರ ಮಾಡಿದ್ದು ಛಲೋ ಆಗ್ಯದ. ಖರೇ ವಿಮಾನ ಒಂದೇ ಬೆಳ್ಳಿ ಇರಂಗಿಲ್ಲ. ಎಂಜಿನ್ ಹತ್ತಿರದ ತಗಡು ಕಾಯ್ದು ಕಾಯ್ದು ಮಂಕಾಗ್ತದ, ಸ್ವಲ್ಪ ಕಂದು ತಿರಗ್ತದ. ದಿನಾ ಬಿಚ್ಚಿ ಮುಚ್ಚೋ ಬಾಗಲದ ಅಂಚು ನಮ್ಮ ಕೈ ತಾಗಿ ತಾಗಿ ಬ್ಯಾರೇನೇ ಹೊಳೀತದ. ಆದ್ರ ಇಲ್ಲೊಂದು ತಪ್ಪು ಮಾಡೀದಿ ನೋಡು. ಹೊಟ್ಟಿ ಕೆಳಗ ಈ ಎಣ್ಣಿ ಕಲಿ.

— ಫೋಟೋ ನೋಡೇ ಹಾಕೀನಲ್ರಿ?

— ಯಾವ ಫೋಟೋ? ನೆಲದ ಮ್ಯಾಲ ನಿಂತ ವಿಮಾನದ್ದು. ನಿಂತ ವಿಮಾನದಾಗ ಎಣ್ಣಿ ಕೆಳಗ ಇಳೀತದ. ಹಾರೋ ವಿಮಾನದಾಗ ಎಣ್ಣಿಗೆ ನೆಲ ಯಾವ ಕಡಿ ಅನ್ನೋದೇ ಗೊತ್ತಿರಂಗಿಲ್ಲ, ಗಾಳಿ ಎಳದ ಕಡಿ ಓಡ್ತದ. ಮೂಗಿನಿಂದ ಬಾಲಕ್ಕ, ಉದ್ದಕ್ಕ. ಬೀದರದಾಗ ಕಿರಣ್ ವಿಮಾನ ಇಳದು ಬಂದ ಕೂಡ್ಲೇ ನಾವು ಮೊದಲು ನೋಡೋದು ಹೊಟ್ಟಿ ಮ್ಯಾಲಿನ ಆ ಗೆರಿ. ಎಲ್ಲಿಂದ ಶುರು ಆಗ್ಯದೋ ಅಲ್ಲಿ ಸೋರ್ಲಿಕತ್ತದ ಅಂತ ಅರ್ಥ. ನೀ ಹಾರೋ ವಿಮಾನ ಮಾಡೀದಿ, ಚಕ್ರ ಒಳಗ ಮಡಚೀದಿ, ಒಳಗ ಮನಶ್ಯಾನ್ನ ಕೂಡಿಸೀದಿ. ಹೊಲಸು ಮಾತ್ರ ನಿಂತ ವಿಮಾನದ್ದು.

— ಒರಸಿ ಹಾಕ್ತೀನ್ರಿ. ಆಯಿಲ್ ಬಣ್ಣ, ಟರ್ಪೆಂಟೈನ್ ಹಚ್ಚಿದ್ರ ಬರ್ತದ.

— ಕೂಡೋ ಜಾಗದ ಗಾಜು ಮಂಜು ಮಂಜು ಯಾಕ ಅದ?

— ಅದೊಂದು ಕೇಳಬ್ಯಾಡ್ರಿ. ಕಿಟ್‌ನ ಗಾಜು ಒಡದೇ ಬಂದಿತ್ತು. ಇನ್ನೊಂದಕ್ಕ ಎರಡು ತಿಂಗಳು ಕಾಯಬೇಕು. ಒಡಕು ಕೂಡಸ್ಲಿಕ್ಕೆ ಫೆವಿಕ್ವಿಕ್ ಹಚ್ಚಿದೆ. ಅದರ ಹಬಿ ಗಾಜಿನ ಒಳಗ ಬಿಳಿ ಪೊರಿ ಕಟ್ಟಿಬಿಡ್ತು. ಹಲ್ಲಿನ ಪೇಸ್ಟ್ ಹಚ್ಚಿ ತಿಕ್ಕಿ ತಿಕ್ಕಿ ಇಷ್ಟು ತಿಳಿ ಮಾಡೀನಿ. ಒಳಗ ಕೂತವರ ಮುಖ ಕಾಣಬೇಕಂತ ಭಾಳ ಆಸಿ ಇತ್ತು. ಮೂರು ಮಿಲಿಮೀಟರ್ ತಲಿ ಅದು ಕಾಕಾ. ಹೆಲ್ಮೆಟ್, ಆಕ್ಸಿಜನ್ ಮಾಸ್ಕ್, ಎಲ್ಲಾ ಮೂರು ಕೂದಲಿನ ಕುಂಚದಾಗ ಬರದೀನಿ.

— ಇರ್ಲಿ ಬಿಡು. ನಸುಕಿನಾಗ ಗಾಜು ಮಂಜಾಗೇ ಕಾಣ್ತದ. ಯಾರನ್ನ ಕೂಡಿಸೀದಿ ಅಂತ ನಿಂಗ ಗೊತ್ತದ, ಅಷ್ಟು ಸಾಕು. ಈಗ ನನಗ ಹೇಳು, ಈ ಹಲಗಿ ಮ್ಯಾಲ ಏನು ನಡದದ?

— ನಿಮಗೇ ಗೊತ್ತಲ್ರಿ. ನೀವೇ ಹೇಳಿದ ಕತಿ.

— ನಾ ಹೇಳಿದ್ದು ಬ್ಯಾರೆ, ನೀ ಸಿನಿಮಾದಾಗ ನೋಡಿದ್ದು ಬ್ಯಾರೆ. ನಿನ್ನ ಬಾಯಿಂದ ಕೇಳಬೇಕು.

— 1965ರ ಸೆಪ್ಟೆಂಬರ್ 7. ಆದಂಪುರದಿಂದ ನಮ್ಮ ಮಿಸ್ಟೇರ್ ವಿಮಾನ ಸರ್ಗೋಧಾ ಮ್ಯಾಲ ದಾಳಿಗೆ ಹೊಂಟವು. ಒಂದನೇ ಸ್ಕ್ವಾಡ್ರನ್, ವಿಂಗ್ ಕಮಾಂಡರ್ ಓ. ಪಿ. ತನೇಜಾ ಮುಂದ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ, ನಮ್ಮ ಕೊಡಗಿನವರು, ಅವತ್ತು ಸ್ಟ್ಯಾಂಡ್‌ಬೈ. ಯಾರರೆ ಹಿಂದ ಉಳಿದ್ರ ಅವರ ಜಾಗಕ್ಕ ಹೋಗಬೇಕು. ಹೋದ್ರು. ದಾಳಿ ಮುಗಿಸಿ ತಿರುಗುವಾಗ ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಸ್ಟಾರ್‌ಫೈಟರ್ ತಗೊಂಡು ಬೆನ್ನು ಹತ್ತಿದ. ದೇವಯ್ಯನವರ ವಿಮಾನಕ್ಕ ಹೊಡದ. ಆದ್ರೂ ಅವರು ತಿರುಗಿ ನಿಂತು ಆ ಸ್ಟಾರ್‌ಫೈಟರ್‌ನ ಹೊಡದು ಕೆಡವಿದ್ರು. ಅಮ್ಜದ್ ಹಾರಿ ಉಳಕೊಂಡ. ದೇವಯ್ಯ ಮರಳಿ ಬರಲಿಲ್ಲ. 1988ರಾಗ ಮಹಾವೀರ ಚಕ್ರ ಬಂತು.

— ಈ ಹಲಗಿ ಮ್ಯಾಲ ಇರೋದು ಇದರಾಗ ಯಾವುದು?

— ಕಡೀದು. ಸ್ಟಾರ್‌ಫೈಟರ್‌ಗೆ ಬೆಂಕಿ ಹತ್ತಿದ್ದು. ಹತ್ತಿ ಹೊಗಿ ಅದಕ್ಕೇ. ಒಳಗ ಒಂದು ಸಣ್ಣ ಎಲ್‌ಇಡಿ ಇಟ್ಟೀನಿ, ಹಚ್ಚಿದ್ರ ಕೆಂಪಗ ಉರೀತದ.

— ಯಾರು ನೋಡ್ಯಾರ ಅದನ್ನ?

— ಅಂದ್ರ?

— ನಮ್ಮ ಕಡಿಯವರು ಯಾರು ನೋಡ್ಯಾರ? ಉಳಿದವರೆಲ್ಲಾ ಮನಿ ಕಡಿ ಹೊಂಟಿದ್ರು. ಮಿಸ್ಟೇರ್‌ಗೆ ಅಷ್ಟು ದೂರ ಹೋಗಿ ಬರೂದಂದ್ರ ಇಂಧನ ಲೆಕ್ಕ ಹಾಕಿ ಹಾಕಿ ಸುಡಬೇಕು, ಹಿಂದ ತಿರುಗಿ ಹುಡುಕಾಡ್ಲಿಕ್ಕೆ ಆಗೂದಿಲ್ಲ. ಆದಂಪುರದಾಗ ಒಂದೊಂದೇ ವಿಮಾನ ಇಳೀತು, ಎಣಿಸಿದ್ರು, ಒಂದು ಕಡಿಮಿ. ನಮ್ಮವರಿಗೆ ಗೊತ್ತಾದದ್ದು ಅಷ್ಟೇ. ಒಂದು ಸಣ್ಣ ಮಿಸ್ಟೇರ್, ಅದೂ ಮೊದಲೇ ಪೆಟ್ಟು ತಿಂದದ್ದು, ಸ್ಟಾರ್‌ಫೈಟರ್ ಕೆಡವಿತು ಅನ್ನೋದು ನಮಗ ಗೊತ್ತಾಗಿದ್ದು ಹೊರಗಿನವರ ಪುಸ್ತಕದಿಂದ. ಬ್ರಿಟನ್ನಿನ ಜಾನ್ ಫ್ರಿಕರ್ ಪಾಕಿಸ್ತಾನದ ಕಡಿಯಿಂದ ಆ ಯುದ್ಧದ ಬಗ್ಗೆ ಬರದ ಪುಸ್ತಕ 1979ರಾಗ ಬಂತು. ಅದನ್ನ ಓದಿ ತನೇಜಾ ಅವರು ಪತ್ರ ಬರದ್ರು, ಬೆನ್ನು ಹತ್ತಿದ್ರು. ಪದಕ ಬರೋದ್ರೊಳಗ ಇಪ್ಪತ್ತಮೂರು ವರ್ಷ. ಅಷ್ಟು ವರ್ಷ ದೇವಯ್ಯನವರು ಮನಿಯವರ ಪಾಲಿಗೆ, ಸ್ಕ್ವಾಡ್ರನ್ ಪಾಲಿಗೆ, ಬರೇ ತಿರುಗಿ ಬಾರದವರು. ನೀ ಬೆಂಕಿ ಹಚ್ಚಿ ಇಟ್ರ ಆ ಇಪ್ಪತ್ತಮೂರು ವರ್ಷ ಇಲ್ಲವೇ ಇಲ್ಲ ಅಂದಂಗ ಆಗ್ತದ.

— ಆದ್ರ ಬೆಂಕಿ ಇಲ್ಲಂದ್ರ ಗೆದ್ದವರು ಯಾರಂತ ನೋಡಿದವರಿಗೆ ಹೆಂಗ ತಿಳೀಬೇಕ್ರಿ ಕಾಕಾ? ನನ್ನ ಗೆಳತ್ಯಾರು ಬರ್ತಾರ, ಸಾಲಿ ಹುಡುಗರು ಬರ್ತಾರ. ಎರಡು ವಿಮಾನ ಸುಮ್ಮನ ನಿಂತ್ರ ಅಂಗಡಿಯಾಗಿನ ಆಟಿಗಿ ಹಂಗ ಕಾಣ್ತದ.

— ಗೆಲ್ಲೂದಕ್ಕಿಂತ ದೊಡ್ಡದೊಂದು ಅದರಾಗ ನಡದದ. ಎರಡೂ ವಿಮಾನ ಎರಡು ಅಂಗೈಯಾಗ ಇಟ್ಕೊ… ಈಗ ರೆಕ್ಕಿ ನೋಡು. ಯಾವುದು ಉದ್ದ?

— ಒಡಲು ಸ್ಟಾರ್‌ಫೈಟರ್‌ದು ಉದ್ದ. ಇಪ್ಪತ್ತಮೂರು ಸೆಂಟಿಮೀಟರ್. ರೆಕ್ಕಿ ಮಾತ್ರ ಮೋಟು, ಈ ತುದಿಯಿಂದ ಆ ತುದಿಗೆ ಒಂಬತ್ತೇ ಸೆಂಟಿಮೀಟರ್ ಚಿಲ್ಲರ. ಮಿಸ್ಟೇರ್ ಒಡಲು ಸುಮಾರು ಹದಿನೆಂಟು, ರೆಕ್ಕಿ ಹದಿನೈದರ ಮ್ಯಾಲ.

— ಖರೇ ವಿಮಾನದ ಲೆಕ್ಕದಾಗ ಮಿಸ್ಟೇರ್‌ನ ರೆಕ್ಕಿ 32 ಚದರ ಮೀಟರ್, ಸ್ಟಾರ್‌ಫೈಟರ್‌ದು 18. ಒಂದು ಈಟಿ, ಇನ್ನೊಂದು ಹದ್ದು ಅಂತ ತಿಳಿ. ಈಟಿ ಸೀದಾ ಹೋದ್ರ ಶಬ್ದದ ಎರಡು ಪಟ್ಟು ವೇಗ. ಅದರ ರೆಕ್ಕಿಯ ಮುಂದಿನ ಅಂಚು ಎಷ್ಟು ಹರಿತ ಅಂದ್ರ, ನೆಲದ ಮ್ಯಾಲ ನಿಂತಾಗ ನಮ್ಮಂಥಾ ಫಿಟ್ಟರ್‌ಗಳ ಮೈ ಕೊಯ್ಯಬಾರದಂತ ಅದಕ್ಕ ಕವಚ ಹಾಕ್ತಿದ್ರು.

— ಹೌದ್ರಿ, ಕಿಟ್‌ನಾಗ ಅದು ದಪ್ಪ ಬಂದಿತ್ತು. ಬ್ಲೇಡಿನ ಹಂಗ ಆಗೋತನಕ ಕೆಳಗಿನಿಂದ ತಿಕ್ಕೀನಿ. ಬಾಲನೂ ನೋಡಿ ತಗೊಂಡೆ. ಆಮ್ಯಾಲಿನ ಜಿ ಮಾದರಿದು ದೊಡ್ಡ ಬಾಲ, ಪಾಕಿಸ್ತಾನದ ಹತ್ತಿರ ಇದ್ದದ್ದು ಎ ಮಾದರಿ, ಸಣ್ಣ ಬಾಲದ್ದು. ಹಸೆಗಾವಾದ ಸಿ ಮಾದರಿ ಕಿಟ್‌ನಾಗ ಆ ಸಣ್ಣ ಬಾಲ ಅದ.

— ಭಲೇ. ಈಗ ಮಿಸ್ಟೇರ್‌ನಾಗ ನೀ ಕೂತೀದಿ ಅಂತ ತಿಳಿ. ಬೆನ್ನಿಗೆ ಈಟಿ. ವಿಮಾನಕ್ಕ ಆಗಲೇ ಗುಂಡು ಬಿದ್ದಾವ. ಮೂಡಲ ದಿಕ್ಕಿಗೆ ಮನಿ. ಸೀದಾ ಓಡಿದ್ರ?

— ಓಡ್ಲಿಕ್ಕೆ ಆಗಂಗಿಲ್ಲ. ಅವ ಎರಡು ಪಟ್ಟು ಜೋರು.

— ಹಂಗಾರ ಉಳದದ್ದು ಒಂದೇ. ತಿರಗೂದು. ತಿರಗೋದ್ರಾಗ ಮಾತ್ರ ಈಟಿಗಿಂತ ಹದ್ದು ಮೇಲು. ಆ ಕ್ಷಣಕ್ಕ ಧೈರ್ಯ ಅಂತಾರ ಎಲ್ಲಾರೂ. ಧೈರ್ಯ ಹೌದು. ಆದ್ರ ಅದು ಕಣ್ಣು ಮುಚ್ಚಿ ನುಗ್ಗಿದ್ದಲ್ಲ. ಅವರು ಹೊಸ ಪೈಲಟ್‌ಗಳಿಗೆ ಕಲಿಸಿದ ಮಾಸ್ತರು, ಹಾರೋದು ಕಲಿಸಿದವರು. ತನ್ನ ವಿಮಾನಕ್ಕ ಏನು ಆಗ್ತದ, ಏನು ಆಗಂಗಿಲ್ಲ ಅಂತ ಅವರ ಕೈಗೆ ಗೊತ್ತಿತ್ತು. ಮನಿ ಕಡಿ ಬೆನ್ನು ಹಾಕಿ, ಬಂದವನ ಕಡಿ ಮುಖ ಮಾಡಿದ್ರು. ನನಗ ನೋಡಬೇಕಾಗಿರೋದು ಆ ತಿರುವು. ಬೆಂಕಿ ಯಾವ ವಿಮಾನಕ್ಕರೆ ಹತ್ತತದವ್ವ. ಆ ತಿರುವು ಅವರದೊಬ್ಬರದೇ.

— ಹಂಗಾರ ಮಿಸ್ಟೇರ್ ಎಡಕ್ಕ ವಾಲಬೇಕು…

— ವಾಲಲಿ, ಚಲೋತ್ನಾಗಿ ವಾಲಲಿ, ರೆಕ್ಕಿ ಗ್ವಾಡಿ ಹಂಗ ನಿಲ್ಲಲಿ. ಹೊರಳಲಿಕ್ಕೆ ಶುರು ಮಾಡಿದ ಕ್ಷಣ ಆದ್ರ ರೆಕ್ಕಿ ಹಿಂದಿನ ಅಂಚಿನ ಎಡ ಐಲರಾನ್ ಮ್ಯಾಲ, ಬಲದ್ದು ಕೆಳಗ. ನೀ ಎರಡನ್ನೂ ನೆಟ್ಟಗ ಅಂಟಿಸೀದಿ. ಕತ್ತರಿಸಿ ಮತ್ತ ಹಚ್ಚು. ಗುಂಡಿನ ತೂತು ಎಲ್ಲಿ ಮಾಡೀದಿ?

— ಇಲ್ಲೆ, ಬಾಲದ ಹತ್ತಿರ. ಒಳಗಿನಿಂದ ಪ್ಲಾಸ್ಟಿಕ್ ಕೆರದು ಈರುಳ್ಳಿ ಪದರದಷ್ಟು ತೆಳ್ಳಗ ಮಾಡಿ, ಸೂಜಿ ಕಾಸಿ ಹೊರಗಿನಿಂದ ಚುಚ್ಚೀನಿ. ಹೊಕ್ಕ ತೂತಿನ ತುಟಿ ಒಳಗ ಬಾಗಬೇಕಲ್ರಿ?

— ಹೌದು, ಹೊಕ್ಕಲ್ಲಿ ಒಳಗ, ಹೊಂಟಲ್ಲಿ ಹೊರಗ. ಹಿಂದಿನಿಂದ ಬಂದವ ಹೊಡದದ್ದು, ಹಿಂಭಾಗದಾಗ ಇದ್ರ ಸರಿ. ಇಷ್ಟೇ ಇರ್ಲಿ, ಹೆಚ್ಚಿಗಿ ಬ್ಯಾಡ.

(ಹೊರಗೆ ಹಾಲಿನವನ ಗಾಡಿ ಬಂದು ಹೋಯಿತು. ಕಾಕಾ ಎದ್ದು ಚಹಾ ಕಾಯಿಸಿ ತಂದರು. ಅಷ್ಟರಲ್ಲಿ ಅವಳು ಹಲಗೆಯ ಮೇಲಿನ ಹತ್ತಿಯನ್ನೆಲ್ಲ ಬಿಡಿಸಿ ಪಕ್ಕಕ್ಕಿಟ್ಟಿದ್ದಳು.)

— ಕಾಕಾ, ಹತ್ತಿ ತೆಗೆದ ಮ್ಯಾಲ ಇನ್ನೊಂದು ಕಾಡ್ಲಿಕತ್ತದ ನೋಡ್ರಿ. ಎರಡೂ ಭಾಳ ಹತ್ತಿರ ಆದ್ವು. ಮೂಗಿಗೆ ಮೂಗು ತಾಗಿಸಿದಂಗ.

— ನಾ ಹೇಳಬೇಕಂತಿದ್ದೆ, ನೀನೇ ಹೇಳಿದಿ. ಈ ಹಲಗಿ ಎಷ್ಟುದ್ದ?

— ಎರಡು ಅಡಿ. ಅರವತ್ತು ಸೆಂಟಿಮೀಟರ್.

— ನಿನ್ನ ಅಳತಿ ಎಪ್ಪತ್ತೆರಡಕ್ಕ ಒಂದು. ಆರಡಿ ಆಳು ಅಂದ್ರ ಒಂದು ಇಂಚು. ಹಂಗಾರ ಅರವತ್ತು ಸೆಂಟಿಮೀಟರ್ ಅಂದ್ರ?

— ಅರವತ್ತನ್ನ ಎಪ್ಪತ್ತೆರಡರಿಂದ ಗುಣಿಸಿದ್ರ… 43 ಮೀಟರ್. ಅಯ್ಯ!

— 43 ಮೀಟರ್‌ನಾಗ ಎರಡು ಜೆಟ್ ವಿಮಾನ ಎದುರುಬದುರು ಆದ್ರ ಅದು ಡಿಕ್ಕಿ. ಈಗ ಇನ್ನೊಂದು ಲೆಕ್ಕ ಹಾಕು. ಮಿಸ್ಟೇರ್ ಗಂಟಿಗೆ 900 ಕಿಲೋಮೀಟರ್ ಹೋಗ್ಲಿಕತ್ತದ ಅಂತ ಇಟ್ಕೊ. ಸೆಕೆಂಡಿಗೆ 250 ಮೀಟರ್. ನಿನ್ನ ಅಳತಿಯಾಗ?

— 250ನ್ನ 72ರಿಂದ ಭಾಗಿಸಿದ್ರ ಮೂರೂವರಿ ಮೀಟರ್. ಅಂದ್ರ ಈ ನನ್ನ ವಿಮಾನ ಒಂದು ಸೆಕೆಂಡಿಗೆ ಹಲಗಿ ಅಲ್ಲ, ಈ ಪಡಸಾಲಿ ಅರ್ಧಕ್ಕಿಂತ ಹೆಚ್ಚು ದಾಟಿರ್ತದ.

— ಹಾಂ. ಹಲಗಿ ಮ್ಯಾಲ ಎರಡನ್ನೂ ಸೇರಿಸಿ ಇಟ್ಟಾಗ ನೋಡಿದವರಿಗೆ ಕುಸ್ತಿ ಹಂಗ ಅನಸ್ತದ. ಆ ಯುದ್ಧದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಂಗಿಲ್ಲ. ಮಸುಕು ಆಕಾಶದಾಗ ಒಂದು ಚುಕ್ಕಿ, ಅದು ದೊಡ್ಡದಾಗ್ತದ, ಒಂದೆರಡು ಸೆಕೆಂಡ್ ಗುರಿಯಾಗ ಸಿಗ್ತದ, ಮತ್ತ ಚುಕ್ಕಿ. ನಡುವ ಖಾಲಿ. ಆ ಖಾಲಿನೇ ಅಲ್ಲಿ ಎಲ್ಲಾ ನಿರ್ಧಾರ ಮಾಡೋದು. ಹಲಗಿ ಮ್ಯಾಲ ಇಂಥಾ ಡಯೋರಾಮಾ ಮಾಡೋರು ಕಪಾಟಿನಾಗ ಹಿಡೀಲಿ ಅಂತ ಆ ಖಾಲಿ ನುಂಗಿಬಿಡ್ತಾರ. ಅವರ ತಪ್ಪಲ್ಲ, ಮನಿ ಸಣ್ಣವು.

— ಈ ಮನಿ ಸಣ್ಣದಲ್ಲಲ್ರಿ.

— ಏನಂದಿ?

— ಈ ಪಡಸಾಲಿ ಎಷ್ಟುದ್ದ ಕಾಕಾ? ಬಾಗಿಲಿಂದ ಆ ದೇವರ ಮನಿ ಗ್ವಾಡಿಗೆ?

— ಹದಿನೆಂಟು ಅಡಿ. ಕಟ್ಟಿಸಿದ್ದು ನಮ್ಮ ಅಜ್ಜ, ಜಂತಿ ಎಣಿಸಿ ಹೇಳ್ತೀನಿ ಬೇಕಾದ್ರ.

— ಹದಿನೆಂಟು ಅಡಿ ಅಂದ್ರ ಐದು ಮೀಟರ್ ನಲವತ್ತೊಂಬತ್ತು ಸೆಂಟಿಮೀಟರ್. ಅದನ್ನ 72ರಿಂದ ಗುಣಿಸಿದ್ರ 395 ಮೀಟರ್. ಛತ್ತು ಹತ್ತಡಿ ಆದ್ರ 219 ಮೀಟರ್ ಎತ್ತರ. ಕಾಕಾ, ಗುಂಡು ಹಾರಿಸೋ ದೂರ ಇದ್ರೊಳಗ ಹಿಡೀತದಲ್ರಿ?

— ಹಿಡೀತದ… ಆರಾಮ ಹಿಡೀತದ.

— ಹಂಗಾರ ತಂತಿ ಬ್ಯಾಡ, ಹೊಗಿ ಬ್ಯಾಡ. ಸ್ಟಾರ್‌ಫೈಟರ್ ಆ ಗ್ವಾಡಿ ಕಡಿ ಜಂತಿಗೆ. ಮಿಸ್ಟೇರ್ ಈ ಬಾಗಿಲ ಕಡಿ ಜಂತಿಗೆ. ಈ ಬಾಗಿಲ ಮೂಡಲಕ್ಕ ಅದ. ಅವರ ಮನಿ ದಿಕ್ಕು. ಮಿಸ್ಟೇರ್ ಬಾಲ ಬಾಗಿಲ ಕಡಿ ಇರ್ಲಿ, ಮೂಗು ಒಳಗ ತಿರಗಲಿ. ಮುಂಜಾನಿ ಬೆಳಕು ಬೆನ್ನ ಮ್ಯಾಲ ಬೀಳ್ತದ.

— ಇದಕ್ಕ ದಾರ ಎಂಥದು ಹಾಕ್ತಿ? ದಪ್ಪ ಆದ್ರ ಗೊಂಬಿ ತೂಗಿ ಬಿಟ್ಟಂಗ ಕಾಣ್ತದ.

— ರೇಷ್ಮಿ ಎಳಿ. ಅತ್ತಿ ಹತ್ತಿರ ಅಂಚಿನ ಹಾಸು ಉಳದದ್ದು ಕಟ್ಟು ಕಟ್ಟು ಅದ. ಬಣ್ಣ ಹಾಕದ ಬಿಳಿ ರೇಷ್ಮಿ ಎರಡು ಎಳಿ ಹುರಿ ಮಾಡಿದ್ರ ನಲವತ್ತು ಗ್ರಾಂ ಏನು ಲೆಕ್ಕ! ಒಂದಕ್ಕ ಮೂರು ದಾರ: ಮೂಗಿಗೆ ಒಂದು, ರೆಕ್ಕಿ ತುದಿಗೆ ಒಂದು, ಬಾಲಕ್ಕ ಒಂದು. ಉದ್ದ ಹೆಚ್ಚುಕಮ್ಮಿ ಮಾಡಿದ್ರ ಎಷ್ಟು ಬೇಕೋ ಅಷ್ಟು ವಾಲ್ತದ. ತೂಕ ಸರಿ ಮಾಡ್ಲಿಕ್ಕೆ ಗಾಳದ ಸೀಸದ ಗುಂಡು ಒಳಗ ಹಾಕ್ತೀನಿ, ಜುರಾಲ ಡ್ಯಾಮ್ ಹತ್ತಿರ ಮೀನು ಹಿಡಿಯೋರ ಕಡಿ ಸಿಗ್ತಾವ.

— ಗದ್ವಾಲದಿಂದ ರೇಷ್ಮಿ, ಗದ್ವಾಲದಿಂದ ಸೀಸ. ನಮ್ಮಪ್ಪ ಇದ್ದಿದ್ರ ಖುಷಿ ಪಡ್ತಿದ್ದ. 1956ರ ಅಕ್ಟೋಬರ್ 31ರ ತನಕ ಗದ್ವಾಲ, ಆಲಂಪುರ ಎರಡೂ ರಾಯಚೂರು ಜಿಲ್ಲಾದಾಗ ಇದ್ವು. ಮರುದಿನ ಮಹಬೂಬನಗರ. ಜನ ಅಲ್ಲೇ, ಮಗ್ಗ ಅಲ್ಲೇ, ಮನಿಯಾಗಿನ ಮಾತೂ ಅದೇ. ಗೆರಿ ಮಾತ್ರ ಸರದದ್ದು. ಅದಕ್ಕೇ ಏನೋ, ಗೆರಿ ಆಚೀಕಿನವರು ಬ್ಯಾರೇ ಮಂದಿ ಅಂತ ನಮ್ಮ ಬಾಯಾಗ ಜಲ್ದಿ ಬರಂಗಿಲ್ಲ.

— ಹಲಗಿ ಖಾಲಿ ಉಳೀತಲ್ರಿ ಕಾಕಾ. ಇಷ್ಟು ದಿನ ಮಾಡಿದ ನೆಲ. ಕೃಷ್ಣಾ ಸ್ಟೇಷನ್ ಹತ್ತಿರ ಹೊಳಿಗೆ ಇಳದು ತಂದ ಮೆಕ್ಕಲು ಮಣ್ಣು ಇದು. ನಮ್ಮ ಕೆಂಪು ಮಣ್ಣು, ಕರಿ ಮಣ್ಣು ಪಂಜಾಬಕ್ಕ ಹೊಂದಂಗಿಲ್ಲ. ಅಲ್ಲಿಂದು ಹೊಳಿ ತಂದ ಮಣ್ಣು, ಬೂದು ಬಣ್ಣದ್ದು. ಹಳೇ ಪಂಜೆಯಾಗ ಎರಡು ಸಲ ಸೋಸೀನಿ, ಹಂಚಿನ ಮ್ಯಾಲ ಹುರದೀನಿ, ನೀರು ಫೆವಿಕಾಲ್ ಚಿಮುಕಿಸಿ ಕೂಡಿಸೀನಿ. ಬದುವು, ಕಾಲುದಾರಿ ಎಲ್ಲಾ ಅದ. ಎಸೆಯಲಿಕ್ಕೆ ಮನಸಿಲ್ಲ.

— ಯಾಕ ಎಸಿಯೂದು? ನೆಲದ ಮ್ಯಾಲ ಇಡು. ಅವರ ಕೆಳಗ ಅದೇ ಇತ್ತು, ಹೊಲ. ಅದರ ಕತಿ ಹೇಳೇ ಇಲ್ಲ ನಿಂಗ.

— ಏನ್ರಿ?

— ದೇವಯ್ಯನವರ ದೇಹ ಹೊಲದಾಗ ಸಿಕ್ಕಿದ್ದು ಅಲ್ಲಿನ ಹಳ್ಳಿ ಮಂದಿಗೆ. ಯುದ್ಧ ನಡದದ. ತಲಿ ಮ್ಯಾಲ ಬಾಂಬ್ ಹಾಕಲಿಕ್ಕೆ ಬಂದ ವಿಮಾನದವ. ಆ ಮಂದಿ ಅವರನ್ನ ಮಣ್ಣು ಮಾಡಿದ್ರು. ನಮ್ಮ ಕಡಿ ಸತ್ತವರ ಮನಿಗೆ ಹೋಗಿ ಬಂದ್ರ ಏನಂತೀವಿ? ಮಣ್ಣಿಗೆ ಹೋಗಿದ್ವಿ ಅಂತೀವಿ. ದೂರದ ನೆಂಟ ಆದ್ರೂ, ಜಗಳ ಆಡಿ ಮಾತು ಬಿಟ್ಟವ ಆದ್ರೂ ಮಣ್ಣಿಗೆ ಹೋಗಬೇಕು. ದೇವಯ್ಯನವರ ಮಣ್ಣಿಗೆ ಕೊಡಗಿನವರು ಯಾರೂ ಇರ್ಲಿಲ್ಲ, ವಾಯುಪಡಿಯವರು ಯಾರೂ ಇರ್ಲಿಲ್ಲ. ಆ ಹೊಲದವರು ಇದ್ರು. ಹಿಡಿ ಮಣ್ಣು ಅವರೇ ಹಾಕಿದ್ರು. ಅದನ್ನ ಓದಿದ ದಿನ ನನಗ ಊಟ ಸೇರಲಿಲ್ಲವ್ವ. ಮಡಿಕೇರಿಯಾಗ ಈಗ ಅವರ ಹೆಸರಿನ ವೃತ್ತ ಅದ, ಪ್ರತಿಮಿ ಅದ. ಆ ರೈತರಿಗೆ ಎಲ್ಲೂ ಏನೂ ಇಲ್ಲ.

— …ಆದ್ರ ಕಾಕಾ, ಮ್ಯಾಲ ಅವರಿನ್ನೂ ಜೀವಂತ ಇದ್ದಾರ. ಈಗಷ್ಟೇ ತಿರಗ್ಲಿಕತ್ತಾರ. ಕೆಳಗ ಮಣ್ಣು ಮಾಡೋದು ತೋರಿಸಿದ್ರ ಹೊತ್ತು ತಪ್ಪತದ. ಬೆಂಕಿ ಬ್ಯಾಡ ಅಂದವರು ನೀವೇ.

— …ಹೌದು. ನೀ ಅಂದದ್ದು ಖರೇ. ನಾ ತಪ್ಪಿದೆ.

— ಹಿಂಗ ಮಾಡ್ತೀನ್ರಿ. ಮಣ್ಣಿನ ಗುಡ್ಡಿ ಬ್ಯಾಡ. ಹೊಲದಾಗ ಬರೇ ನಾಕು ಮಂದಿ. ನಸುಕಿನಾಗ ಹೊಲಕ್ಕ ಬಂದವರು. ಸಪ್ಪಳಾ ಕೇಳಿ ತಲಿ ಎತ್ತಿ ಮ್ಯಾಲ ನೋಡ್ಲಿಕತ್ತಾರ. ಒಬ್ಬನ ಹೆಗಲ ಮ್ಯಾಲ ಸನಿಕಿ. ಅವನಿಗೆ ಇನ್ನೂ ಏನೂ ಗೊತ್ತಿಲ್ಲ.

— …

— ಸರಿ ಆಗ್ಲಿಲ್ಲೇನ್ರಿ?

— ಸರಿ ಆತು. ಸನಿಕಿ ಸಾಕು. ಅಂಥಾ ಗೊಂಬಿ ಎಲ್ಲಿ ಸಿಗ್ತಾವ ನಿಂಗ?

— ಕೊಳ್ಳಲಿಕ್ಕೆ ಸಿಗಂಗಿಲ್ಲ. ಸಿಗೋದೆಲ್ಲಾ ಬಂದೂಕು ಹಿಡದ ಸೋಲ್ಜರ್‌ಗಳು. ನಾನೇ ಮಾಡಬೇಕು. ಒಂದು ಇಂಚಿನ ಆಳು. ಮೋಟಾರ್ ವೈಂಡಿಂಗ್ ಅಂಗಡಿಯಾಗ ಬಿಸಾಕಿದ ತಾಮ್ರದ ತಂತಿ ತಂದು ಮೈ ಬಾಗಿಸ್ತೀನಿ, ಮ್ಯಾಲ ಎಂ-ಸೀಲ್. ಕಲಸಿದ ಮ್ಯಾಲ ಅರ್ಧ ತಾಸು ಮೆತ್ತಗ ಇರ್ತದ, ಈ ಬಿಸಿಲಾಗ ಇನ್ನೂ ಕಡಿಮಿ. ಅಷ್ಟರಾಗ ಪಗಡಿ ಸುತ್ತಬೇಕು, ಲುಂಗಿ ನೆರಿಗಿ ತೆಗೀಬೇಕು. ಸೂಜಿ ತುದಿಗೆ ನೀರು ಹಚ್ಚಿಕೊಂಡು ಮಾಡಿದ್ರ ಅಂಟಂಗಿಲ್ಲ. ಬಟ್ಟಿ ಬಣ್ಣ ಮಾತ್ರ ಅಚ್ಚ ಬಿಳಿ ಹಾಕಂಗಿಲ್ಲ. ಇಷ್ಟು ಸಣ್ಣ ಅಳತಿಯಾಗ ಅಚ್ಚ ಬಿಳಿ, ಅಚ್ಚ ಕರಿ ಎರಡೂ ಸುಳ್ಳು ಕಾಣ್ತಾವ. ಒಂದಡಿ ದೂರದಿಂದ ನೋಡಿದ್ರ ಖರೇ ಲೆಕ್ಕದಾಗ ಇಪ್ಪತ್ತೆರಡು ಮೀಟರ್ ದೂರ ನಿಂತು ನೋಡಿದಂಗ. ನಡುವಿನ ಗಾಳಿ ಬಣ್ಣ ಸ್ವಲ್ಪ ತಿಂದಿರ್ತದ.

— ಹಂಗಾರ ಜಂತಿಗೆ ಕಟ್ಟೋ ವಿಮಾನ ಇನ್ನೂ ಮಸುಕು ಆಗಬೇಕಲ್ಲ? ಕೆಳಗ ನಿಂತು ನೋಡ್ತೀವಿ, ಆರೇಳು ಅಡಿ ದೂರ.

— ಬ್ಯಾಡ್ರಿ. ಅಲ್ಲಿ ನಡುವ ಖರೇ ಗಾಳಿನೇ ಅದಲ್ಲ. ಅದು ತನ್ನ ಕೆಲಸ ತಾ ಮಾಡ್ತದ.

— ಹೂಂ… ಸ್ಟೂಲು ತಾ. ಟೇಪು ಆ ಮಾಡದಾಗ ಅದ. ಬಾಗಿಲ ಕಡಿ ಜಂತಿಗೆ ಹಳೇ ಕಬ್ಬಿಣದ ಕೊಂಡಿ ಒಂದು ಅದ ನೋಡು, ನಿಮ್ಮಪ್ಪನ ತೊಟ್ಟಿಲು ಕಟ್ಟಿದ್ದು, ನನ್ನದೂ ಅಲ್ಲೇ ಕಟ್ಟಿದ್ದು. ಮಿಸ್ಟೇರ್ ಅದಕ್ಕ ಬರ್ಲಿ. ಮೊಳಿ ಹೊಡಿಯೂದು ಬ್ಯಾಡ.

— ನೀವು ಗ್ವಾಡಿ ಕಡಿ ಟೇಪು ಹಿಡೀರಿ. ನಾ ಮಿಸ್ಟೇರ್ ಹಿಡೀತೀನಿ, ಬರೇ ಕೈಲಿ. ಹೆಂಗ ಕಾಣ್ತದ ನೋಡ್ರಿ ಅಲ್ಲಿಂದ.

— ಇನ್ನಾ ಮ್ಯಾಲ.

— ಇಷ್ಟು?

— ಬಾಲ ಬಾಗಿಲ ಕಡಿ ಪೂರ್ತಿ ತಿರಗಲಿ. ಎಡ ರೆಕ್ಕಿ ಕೆಳಗ. ಇನ್ನಾ ಕೆಳಗ… ಹೊತ್ತು ಹುಟ್ಟಿತು ನೋಡು, ಬೆನ್ನ ಮ್ಯಾಲ ಬಿತ್ತು. ತಡಿ, ಅಲ್ಲಾಡಿಸಬ್ಯಾಡ. ಹಂಗೇ ಹಿಡಿ ಒಂದು ಗಳಿಗಿ.